ಫಕೀರವ್ವನ ಬೇಲಿ

ನಮ್ಮೂರಲ್ಲಿ ಯಾರೂ ಯಾರನ್ನೂ ಎಬ್ಬಿಸುವುದಿಲ್ಲ. ಎಬ್ಬಿಸಲು ಬರುವುದೂ ಇಲ್ಲ. ಮೈ ಅಲುಗಾಡಿಸಿ, ನೀರು ಎರಚಿ, ಕಿವಿಯ ಹತ್ತಿರ ತಾಟು ಬಡಿಯಿರಿ, ಮಲಗಿದವರು ಮಲಗಿಯೇ ಇರುತ್ತಾರೆ. ಅವರವರ ಹಕ್ಕಿ ಕೂಗಬೇಕು, ಆಗ ಅವರು ಏಳಬೇಕು. ಕಾಜಾಣದವರು ಎಲ್ಲರಿಗಿಂತ ಮೊದಲು ಏಳುತ್ತಾರೆ, ಕಾಗೆಯವರು ಬೆಳಕು ಮೂಡುವಾಗ, ಹರಟೆಮಲ್ಲದವರು ಬಿಸಿಲು ಬಂದ ಮೇಲೆ, ಅದೂ ಏಳೆಂಟು ಮಂದಿ ಒಟ್ಟಿಗೆ ಗಲಾಟೆ ಮಾಡುತ್ತ. ಹಗಲು ಕಣ್ಣು ಮುಚ್ಚಿದರೂ ಅಷ್ಟೇ, ಸಂಜೆ ತನ್ನ ಹಕ್ಕಿ ಕೂಗುವ ತನಕ ಬಿದ್ದುಕೊಂಡಿರಬೇಕು. ಹಾಗಾಗಿ ಮಧ್ಯಾಹ್ನ ಮಲಗುವ ಚಾಳಿ ನಮ್ಮಲ್ಲಿ ಯಾರಿಗೂ ಇಲ್ಲ.

ಮಗು ಹುಟ್ಟಿದ ಹನ್ನೊಂದನೇ ದಿನ ನಸುಕಿನಲ್ಲಿ ಅದನ್ನು ಮೊರದಲ್ಲಿ ಮಲಗಿಸಿ ಹೊಲದ ಬದುವಿನ ಮೇಲೆ ಇಡುತ್ತಾರೆ. ಯಾವ ಹಕ್ಕಿಯ ಕೂಗಿಗೆ ಕಣ್ಣು ಬಿಟ್ಟಿತೋ ಅದೇ ಅದರ ಹಕ್ಕಿ, ಸಾಯುವ ತನಕ. ನಾನು ಕಾಗೆಗೆ ಕಣ್ಣು ಬಿಟ್ಟೆ. ಗೀಜಗವೋ ಪಿಕಳಾರವೋ ಆಗಲೆಂದು ಅವ್ವ ಹರಕೆ ಹೊತ್ತಿದ್ದಳಂತೆ. ಮುಖ ಸಣ್ಣದು ಮಾಡಿಕೊಂಡು ಮೊರ ಎತ್ತಿಕೊಂಡು ಬಂದವಳಿಗೆ ಅಜ್ಜಿ, "ಇರ್ಲಿ ಬಿಡ, ಇಂವಗ ಎಲ್ಲಿ ಹೋದ್ರೂ ಬೆಳಗಾಗತೈತಿ," ಎಂದು ಸಮಾಧಾನ ಹೇಳಿದಳಂತೆ. ಅಜ್ಜಿಯ ಮಾತು ಇಷ್ಟು ಕೆಟ್ಟದಾಗಿ ನಿಜವಾಗುತ್ತದೆಂದು ಆಗ ಯಾರಿಗೆ ಗೊತ್ತಿತ್ತು.

ನನ್ನ ಹೆಂಡತಿ ಫಕೀರವ್ವ ಹಳ್ಳದಾಚೆಯ ಕೇರಿಯವಳು. ಅವಳದು ಗೌಜಲಕ್ಕಿ. ಹೆಣ್ಣು ಕೊಡುವವರು ನಮ್ಮಲ್ಲಿ ವರನ ಮನೆಯನ್ನು ಆಮೇಲೆ ನೋಡುತ್ತಾರೆ, ಮೊದಲು ಹೊಲಕ್ಕೆ ಕಿವಿ ಕೊಡುತ್ತಾರೆ. ನನ್ನ ಮಾವ ಮೂರು ದಿನ ನಸುಕಿನಲ್ಲಿ ಬಂದು ನಮ್ಮ ಹೊಲದ ಬೇಲಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತ. ಕಳ್ಳಿ, ಕಾರೆ, ತಂಗಡಿ, ಬಾರಿಗಿಡ ಎಲ್ಲ ಒಂದಕ್ಕೊಂದು ಹೆಣೆದುಕೊಂಡ ಆಳೆತ್ತರದ ಬೇಲಿ ಅದು, ಬುಡದಲ್ಲಿ ಮೊಣಕಾಲುದ್ದ ಹುಲ್ಲು. ಒಳಗೆ ಗೌಜಲುಗಳ ಸಂಸಾರವೇ ಇತ್ತು. ಬೆಳಗಾಗುತ್ತಲೇ ಒಂದು ತುದಿಯಿಂದ ಗಂಡು "ಕತೀತರ, ಕತೀತರ" ಎನ್ನುವುದು, ಇನ್ನೊಂದು ತುದಿಯಿಂದ ಅದಕ್ಕೆ ಉತ್ತರ. ಮೂರನೇ ದಿನ ಮಾವ ಎದ್ದು ಪಂಚೆ ಜಾಡಿಸಿಕೊಂಡು, "ನಮ್ಮ ಹುಡುಗಿ ಇಲ್ಲಿ ಏಳ್ತಾಳ," ಎಂದ. ನನ್ನಪ್ಪ ಅವನ ಕೈ ಹಿಡಿದು, "ಈ ಬೇಲಿ ನಿಮ್ಮ ಮಗಳದ್ದು," ಎಂದು ಮಾತು ಕೊಟ್ಟ. ಮಾತು ಕೊಟ್ಟವನು ಅಪ್ಪ, ಮುರಿದವನು ನಾನು.

ಇಪ್ಪತ್ತೆರಡು ವರ್ಷ ಅವಳು ಆ ಬೇಲಿಯ ಕೂಗಿಗೆ ಎದ್ದಳು. ಕಾಗೆಯವನಾದ ನಾನು ಅವಳಿಗಿಂತ ಒಂದು ಚೂರು ಮುಂಚೆ ಏಳುತ್ತಿದ್ದೆ. ಅವಳ ರೆಪ್ಪೆ ಅದುರುವುದನ್ನು ನೋಡುತ್ತ ಕೂರುವುದು ನನಗೆ ದಿನದ ಮೊದಲ ಕೆಲಸ. ಮಕ್ಕಳಾಗಲಿಲ್ಲ ನಮಗೆ. ಆ ಕೊರಗನ್ನು ಅವಳು ತಮಾಷೆಯಲ್ಲಿ ಕಳೆಯುತ್ತಿದ್ದಳು. ಚಿಕ್ಕವನಿದ್ದಾಗ ಹುಣಸೆಮರದಿಂದ ಬಿದ್ದು ನನ್ನ ಮುಂದಿನ ಹಲ್ಲು ಹೋಗಿದೆ, ಮಾತಿನ ನಡುವೆ ಗಾಳಿ ಸುಯ್ಯೆನ್ನುತ್ತದೆ. "ಏನ್ರೀ, ಬೈಯಾಕತ್ತೀರೋ ಸೀಟಿ ಊದಾಕತ್ತೀರೋ?" ಎಂದು ಅವಳು ನಗುತ್ತಿದ್ದಳು. ಹೊಲದಲ್ಲಿ ಬಿಳಿಜೋಳ, ನಡುನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ, ಅಲಸಂದಿ, ಹುಚ್ಚೆಳ್ಳು. ಹಕ್ಕಿಗಳು ತಿಂದು ಬಿಟ್ಟದ್ದು ನಮಗೆ. ಬಿಟ್ಟದ್ದು ಸಾಕಷ್ಟಿರುತ್ತಿತ್ತು.

ಆಮೇಲೆ ಗೋವಿನಜೋಳ ಬಂತು, ಅದರ ಹಿಂದೆ ಕೊಯ್ಯುವ ಮಷೀನು ಬಂತು. ಮನೆಯಷ್ಟು ಎತ್ತರದ ಮಷೀನು. ಅದಕ್ಕೆ ಬೇಲಿ ಬದು ಆಗುವುದಿಲ್ಲ, ತಿರುಗಲು ಜಾಗ ಬೇಕು, ಊರಿನ ಹೊಲವೆಲ್ಲ ಒಂದೇ ಹಾಳೆಯಾಗಬೇಕು. ಊರ ಸಭೆಯ ಹಿರಿಯ ಹಾಲೇಶಪ್ಪ ಬೇಲಿ ಕೀಳುವ ಠರಾವು ತಂದ. ಅವನೂ ಕಾಗೆಯವನೇ. ಸಭೆಯಲ್ಲಿ ಪಂಚನಾಗಿ ಕಟ್ಟೆಯ ಮೇಲೆ ಕೂರುವ ಮರ್ಯಾದೆ ನನಗೆ ಅದೇ ವರ್ಷ ಸಿಕ್ಕಿತ್ತು. ಕಟ್ಟೆಯ ಮೇಲೆ ಕೂತವನಿಗೆ ಕೈ ಎತ್ತುವುದು ಬಹಳ ಹಗುರ. ಎತ್ತಿದೆ.

ಮೊದಲು ಹಳ್ಳದಾಚೆಯ ಬೇಲಿಗಳು ಹೋದವು, ಆಮೇಲೆ ಕೆರೆ ಏರಿಯ ಜಾಲಿಮರಗಳು. ಎತ್ತು ಎಮ್ಮೆ ಮಾರಿಬಿಟ್ಟದ್ದರಿಂದ ಅವುಗಳ ಬೆನ್ನ ಮೇಲೆ ಕೂತು ಬರುತ್ತಿದ್ದ ಕಾಜಾಣಗಳಿಗೆ ಕೂರಲು ಜಾಗವಿಲ್ಲ. ಹುಳ ಸಾಯಿಸುವ ಎಣ್ಣೆ ಹೊಡೆದ ಹೊಲದಲ್ಲಿ ಹಿಡಿಯಲು ಹುಳುವೂ ಇಲ್ಲ. ಒಂದು ಬೆಳಿಗ್ಗೆ ಚಹಾದಂಗಡಿಯ ಮಕ್ತುಮಸಾಬ ಏಳಲಿಲ್ಲ. ಊರಿಗೆಲ್ಲ ಮೊದಲ ಒಲೆ ಹಚ್ಚುತ್ತಿದ್ದ ಮನುಷ್ಯ. ನಾವು ಬಾಗಿಲ ಮುಂದೆ ನಿಂತು ಗೊಣಗಿದೆವು. ಯಾರೋ ಮೊಬೈಲಿನಲ್ಲಿ ಕಾಜಾಣದ ಕೂಗು ಹಿಡಿದು ತಂದು ಅವನ ಕಿವಿಗೆ ಇಟ್ಟರು, ರೆಪ್ಪೆ ಕೂಡ ಅದುರಲಿಲ್ಲ. ನಾಲ್ಕನೇ ದಿನ ಕಾಗೆಯವನೊಬ್ಬ ಎದುರಿಗೇ ಹೊಸ ಅಂಗಡಿ ಹಾಕಿದ. ಚಹಾ ಸ್ವಲ್ಪ ನೀರಾಗಿತ್ತು, ನಾವು ಕುಡಿದೆವು.

ಮಕ್ತುಮಸಾಬನ ಹೆಂಡತಿ ಹುಸೇನಬಿ ನನ್ನ ಮನೆಗೆ ಬಂದಳು. ಅವಳದು ಗುಬ್ಬಚ್ಚಿ, ಅದೂ ಆಗಲೇ ಒಂದು ದಿನ ಕೂಗಿದರೆ ಎರಡು ದಿನ ಇಲ್ಲ.

"ಗುಡ್ಡಪ್ಪಣ್ಣ, ಏರಿ ಮ್ಯಾಲ ಇನ್ನೂ ಎಂಟ್ ಜಾಲಿ ಉಳದಾವು. ಅಷ್ಟಾದ್ರೂ ಬಿಡಾಕ ಹೇಳೋ. ಹಕ್ಕಿ ತಿರುಗಿ ಬಂದ್ರೂ ಬಂದಾವು."

"ಎಲ್ಲಾರೂ ಕೂಡಿ ಕೈ ಎತ್ತೇವಿ ಹುಸೇನಬಿ. ಬ್ಯಾಡ ಅಂದವರು ಒಬ್ಬರೂ ಇರಲಿಲ್ಲ. ನಾ ಒಬ್ಬ ಏನ್ ಮಾಡ್ಲಿ?"

"ಬ್ಯಾಡ ಅನ್ನೋರು ಮಲಗ್ಯಾರಲ್ಲೋ ಅಣ್ಣಾ," ಎಂದಳು.

ನಾನು ಅದನ್ನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ನಮ್ಮ ಸಭೆ ಹಿಂದಿನಿಂದಲೂ ಬೆಳಿಗ್ಗೆಯೇ ಸೇರುವುದು. ಗೀಜಗದವರು, ಟಿಟ್ಟಿಭದವರು, ಬುರ್ಲಿಯವರು ಒಬ್ಬೊಬ್ಬರಾಗಿ ಬರುವುದು ನಿಂತಿತು. ಕೊನೆಗೆ ಕಟ್ಟೆಯ ಮೇಲೂ ಕೆಳಗೂ ಕಾಗೆಯವರು, ನಾಲ್ಕು ಜನ ಗೊರವಂಕದವರು, ಅಷ್ಟೇ. ಮಾತುಕತೆ ಬೇಗ ಮುಗಿಯುತ್ತಿತ್ತು. ಊರಲ್ಲಿ ಇಷ್ಟು ಒಗ್ಗಟ್ಟು ಹಿಂದೆಂದೂ ಇರಲಿಲ್ಲವೆಂದು ಹಾಲೇಶಪ್ಪ ಹೆಮ್ಮೆಪಡುತ್ತಿದ್ದ. ಮಲಗಿದವರಿಗೆ ಮನೆಯವರು ಚಮಚೆಯಲ್ಲಿ ಗಂಜಿ ಗುಟುಕಿಸುತ್ತಿದ್ದರು, ಉಗುರು ಕತ್ತರಿಸುತ್ತಿದ್ದರು, ಮಗ್ಗಲು ಹೊರಳಿಸುತ್ತಿದ್ದರು. ಮನುಷ್ಯ ಯಾವುದಕ್ಕೆ ಬೇಕಾದರೂ ಹೊಂದಿಕೊಳ್ಳುತ್ತಾನೆ ನೋಡಿ, ವರ್ಷದೊಳಗೆ ಅದೂ ಮನೆಗೆಲಸದಲ್ಲಿ ಒಂದಾಗಿ ಹೋಯಿತು.

ನಮ್ಮ ಬೇಲಿಯ ಸರದಿ ಕೊನೆಗೆ ಬಂತು. ಪಂಚನ ಹೊಲವೆಂದು ಹಾಲೇಶಪ್ಪ ಎರಡು ಸುಗ್ಗಿ ಸುಮ್ಮನಿದ್ದ. ಆಮೇಲೆ ಜನರ ಮುಂದೆಯೇ, "ಗುಡ್ಡಪ್ಪ, ಮಂದಿಗೆ ಒಂದು, ನಿನಗೊಂದು ಆಗಬಾರದಪ," ಎಂದ. ಮನೆಗೆ ಬಂದು ಹೇಳಿದೆ. ಫಕೀರವ್ವ ಅಕ್ಕಿ ಆರಿಸುತ್ತಿದ್ದಳು.

"ಬೇಲಿ ನಂದು," ಎಂದಳು. "ನಿಮ್ಮಪ್ಪಾರು ಹೇಳಿದ್ರು."

"ನಿನ್ನ ಹಕ್ಕೀನ ನಾ ಕಳೀತೀನೇನು? ಮೊದಲಽ ಹಿಡದು ಮನ್ಯಾಗ ಇಡ್ತೀನಿ. ನಿನ್ನ ತಲೆದಿಂಬಿನ ಹತ್ರನ ಕೂಗತೈತಿ. ಇನ್ನೂ ಚಲೋ ಆತಲ್ಲ?"

ಆಗ ನನಗೆ ಇದೊಂದು ಭಾರಿ ಉಪಾಯ ಎನ್ನಿಸಿತ್ತು. ಹೊಲ ಬಿಟ್ಟು ಹಕ್ಕಿಯನ್ನಷ್ಟೇ ಎತ್ತಿಕೊಂಡು ಬರಬಹುದು ಎಂದುಕೊಂಡಿದ್ದೆ. ಕುದುರೆಬಾಲದ ಉರುಲು ಕಟ್ಟಿ ಒಂದು ಗಂಡು ಗೌಜಲು ಹಿಡಿದೆ, ಬಿದಿರ ಬುಟ್ಟಿ ಕವುಚಿ ಅವಳ ಹಾಸಿಗೆಯ ಪಕ್ಕ ಇಟ್ಟೆ. ಅವಳು ಬುಟ್ಟಿಯ ಸಂದಿನಿಂದ ನೋಡಿ, "ಒಂದಽ ತಂದೀರಿ?" ಎಂದಳು. ಆ ಪ್ರಶ್ನೆ ನನಗೆ ಅರ್ಥವಾಗಲಿಲ್ಲ. ಒಂದು ಸಾಲದೇ?

ಬೇಲಿ ಅರ್ಧ ದಿನದಲ್ಲಿ ಹೋಯಿತು. ಉಳಿದ ಗೌಜಲುಗಳು ಬಯಲಲ್ಲಿ ದಿಕ್ಕುಗೆಟ್ಟು ಓಡಿದವು. ಕೆಲವನ್ನು ನಾಯಿ ಹಿಡಿದವು, ಕೆಲವು ಎಣ್ಣೆ ಸವರಿದ ಬಿತ್ತನೆ ಬೀಜ ತಿಂದು ಸಾಲಿನಲ್ಲೇ ಕಾಲು ಚಾಚಿದವು. ಬುಟ್ಟಿಯಲ್ಲಿದ್ದದ್ದು ಮೂರು ದಿನ ಕೂಗಿತು. ಪ್ರತಿ ಕೂಗಿನ ಮೇಲೂ ಕತ್ತು ನೀಳ ಮಾಡಿ ಸುಮ್ಮನೆ ನಿಲ್ಲುತ್ತಿತ್ತು, ಹೊರಗಿನಿಂದ ಉತ್ತರ ಬರಲೆಂದು. ನಾಲ್ಕನೇ ದಿನ ಕೂಗಲಿಲ್ಲ. ಕಾಳು ತಿಂದಿತು, ನೀರು ಕುಡಿಯಿತು, ಕೂಗಲಿಲ್ಲ.

ನಾನು ಫಕೀರವ್ವನ ಮುಖ ನೋಡುತ್ತ ಕೂತಿದ್ದೆ. ಬಿಸಿಲು ಕಿಟಕಿಯಿಂದ ಅವಳ ಕೆನ್ನೆಗೆ ಬಂತು, ಕೆನ್ನೆಯಿಂದ ಗೋಡೆಗೆ ಹೋಯಿತು. ಸಂಜೆಯಾಯಿತು. ಮರುದಿನವೂ ಹಾಗೇ. ಅವಳ ಬಾಯಿಗೆ ಗಂಜಿ ಹಾಕುವಾಗ ರೂಢಿಯಿಲ್ಲದೆ ಕತ್ತಿನ ಮೇಲೆಲ್ಲ ಚೆಲ್ಲಿದೆ. ಹುಸೇನಬಿಯ ಮುಖ ಕಣ್ಣ ಮುಂದೆ ಬಂತು, ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮೂರನೇ ಬೆಳಿಗ್ಗೆ ಮನೆಯಲ್ಲಿ ಕೂರಲಾರದೆ ಹೊಲಕ್ಕೆ ಹೋದೆ. ಬೇಲಿಯಿದ್ದ ಜಾಗದಲ್ಲಿ ಕೂತು ಅತ್ತೆ. ಅಳು ಮುಗಿದ ಮೇಲೆ ಯಾಕೆಂದು ಗೊತ್ತಿಲ್ಲ, ಕೈ ಎರಡೂ ಬಾಯಿಗೆ ಹಿಡಿದು "ಕತೀತರ" ಎಂದೆ. ಹಲ್ಲಿಲ್ಲದ ಸಂದಿನಿಂದ ಗಾಳಿ ಸುಯ್ಯೆಂದು ಸೋರಿತು. ಇನ್ನೊಮ್ಮೆ ಕೂಗಿದೆ. ಆಗ ನಮ್ಮ ಮನೆಯ ಕಡೆಯಿಂದ, ಬುಟ್ಟಿಯೊಳಗಿಂದ, ಗಂಟಲು ಹರಿಯುವ ಹಾಗೆ ಉತ್ತರ ಬಂತು. ಓಡಿದೆ. ಫಕೀರವ್ವ ಎದ್ದು ಕೂತು ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದಳು. "ಇದೇನ್ರೀ, ಮೈಯೆಲ್ಲ ಗಂಜಿ?" ಎಂದಳು.

ಅಂದಿನಿಂದ ಅದೇ ನನ್ನ ಕಸುಬಾಯಿತು. ಕಾಗೆ ಕೂಗಿದ ಕೂಡಲೇ ಎದ್ದು ಹೊಲಕ್ಕೆ ಹೋಗಿ ಗೋವಿನಜೋಳದ ನಡುವೆ ಕುಕ್ಕರಿಸಿ ಕೂಗುವುದು, ಬುಟ್ಟಿಯ ಹಕ್ಕಿ ನಂಬಿ ಉತ್ತರ ಕೊಡುವುದು, ಆ ಉತ್ತರಕ್ಕೆ ಅವಳು ಏಳುವುದು. ಅವಳಿಗೆ ಹೇಳಲಿಲ್ಲ. ಹೇಳಲು ಮುಖವಿರಲಿಲ್ಲ. ಹೀಗೆ ಐದು ತಿಂಗಳು ನಡೆಯಿತು, ಸುಗ್ಗಿ ಬಂತು, ಮಷೀನು ಬಂದು ಬೆಳೆಯನ್ನೆಲ್ಲ ನುಂಗಿ ಹೋಯಿತು. ಅಡಗಿ ಕೂರಲು ನನಗೂ ಮರೆಯಿಲ್ಲವಾಯಿತು.

ಸುಗ್ಗಿಯ ಮರುದಿನ ಅವಳು ಎಂದಿನಂತೆ ಎದ್ದವಳು, ಬೆಳೆಯ ಅಡ್ಡವಿಲ್ಲದೆ ತೇಲಿ ಬಂದ ಹೊರಗಿನ ಕೂಗನ್ನೂ ಕೇಳಿದಳು. ಎಂದೂ ಓಡದ ಹೆಂಗಸು ಹೊಲಕ್ಕೆ ಓಡಿ ಬಂದಳು. "ರೀ, ಇನ್ನೂ ಒಂದು ಉಳದೈತ್ರೀ! ಹೊಲದಾಗ ಇನ್ನೊಂದು ಐತಿ!" ಎಂದು ಕೂಗುತ್ತ ಬಂದಳು. ಬಂದು ನೋಡಿದರೆ ಬೋಳು ಹೊಲದ ನಡುವೆ ಬಾಯಿಗೆ ಕೈ ಹಿಡಿದುಕೊಂಡು ಕೂತ ನಾನು.

ಅವಳು ನಿಂತಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ.

"ಎಷ್ಟು ದಿನಾ ಆತು?" ಎಂದು ಕೇಳಿದಳು.

"ಬೇಲಿ ಹೋದಾಗಿಂದ."

"ಅದಕ್ಕ ಗೊತ್ತೇನು?"

"ಯಾವುದಕ್ಕ?"

"ಹಕ್ಕಿಗೆ. ಹೊರಗ ತನ್ನವರು ಅದಾರಂತ ತಿಳದು ಅದು ದಿನಾ ಕೂಗತೈತಿ. ಆ ಸುಳ್ಳಿನ ಮ್ಯಾಲ ನಾ ಏಳ್ತೀನಿ. ಎದ್ದು ನಿಮಗ ರೊಟ್ಟಿ ಬಡೀತೀನಿ."

"ಫಕೀರಿ, ನೀ ಎದ್ದಿದ್ರ ಸಾಕು ನನಗ. ಸುಳ್ಳಾದ್ರೇನು?"

"ನಿಮಗ ಸಾಕ್ರೀ," ಎಂದಳು. ಅಷ್ಟೇ. ಆ ಮಾತು ಎದೆಯೊಳಗೆ ಇವತ್ತಿಗೂ ಮುರಿದ ಮುಳ್ಳಿನ ಹಾಗೆ ಇದೆ.

ಮಧ್ಯಾಹ್ನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಹೊಲಕ್ಕೆ ನಡೆದಳು. ನಾನು ಬೇಡುತ್ತ ಹಿಂದೆ ಹೋದೆ. ಕಾಲು ಹಿಡಿಯುತ್ತೇನೆಂದೆ, ಆ ಮಾತು ಆಡಬಾರದೆಂದು ಗದರಿಸಿದಳು. ಬೇಲಿಯಿದ್ದ ಜಾಗದಲ್ಲಿ ಬುಟ್ಟಿ ಎತ್ತಿದಳು. ಗೌಜಲು ಹಾರಲಿಲ್ಲ, ಓಡಿತು. ಕೊಯ್ದ ಕೂಳೆಯ ಸಾಲುಗುಂಟ ಕತ್ತು ಮುಂದೆ ಚಾಚಿ ಓಡಿತು. ಹೊಕ್ಕು ಕೂರಲು ಒಂದು ಪೊದೆ ಸಿಗಲೆಂದು ಅದು, ಸಿಗಲಿ ದೇವರೇ ಎಂದು ನಾವು. ಕಣ್ಣಿಗೆ ಕಾಣುವಷ್ಟು ದೂರ ಒಂದು ಗಿಡವೂ ಇರಲಿಲ್ಲ. ಓಡುತ್ತ ಓಡುತ್ತ ಅದು ಮಣ್ಣಿನ ಬಣ್ಣದಲ್ಲಿ ಕಾಣದಾಯಿತು.

"ಬೇಲಿ ಹಚ್ಚ್ರಿ," ಎಂದಳು ಫಕೀರವ್ವ. "ಖರೇ ಹಕ್ಕಿ ಬಂದು ಕೂಗಿದ ದಿನಾ ಏಳ್ತೀನಿ."

ಸಂಜೆ ಮೈ ತೊಳೆದುಕೊಂಡಳು. ತಲೆಗೆ ಎಣ್ಣೆ ಹಚ್ಚಿ ಬಾಚಿ ಬಿಗಿಯಾಗಿ ಹೆರಳು ಹಾಕಿಕೊಂಡಳು, ಬಹಳ ದಿನ ಕೆದರಬಾರದೆಂದು. ನನಗೆ ನಾಲ್ಕು ದಿನಕ್ಕಾಗುವಷ್ಟು ಕಟಕ್ ರೊಟ್ಟಿ ಮಾಡಿಟ್ಟಳು. ಹಾಸಿಗೆಯ ಮೇಲೆ ಕೂತು, "ಉಪ್ಪಿನಕಾಯಿ ಭರಣಿ ಅಟ್ಟದ ಮ್ಯಾಲೈತಿ, ಎಡಗಡೆ," ಎಂದು ಹೇಳಿ ಮಲಗಿದಳು.

ನಾನು ಸಭೆಗೆ ಹೋದೆ. ಕಟ್ಟೆಯ ಕೆಳಗೆ ನಿಂತು, ನನ್ನ ಹೊಲದ ಅಂಚಿಗೆ ಬೇಲಿ ಹಚ್ಚಲು ಬಿಡಿ ಎಂದು ಕೇಳಿದೆ. ಹಾಲೇಶಪ್ಪ ಬಹಳ ಕನಿಕರದಿಂದಲೇ ಹೇಳಿದ, "ಎಲ್ಲಾರೂ ಕೂಡಿ ಕೈ ಎತ್ತೇವಿ ಗುಡ್ಡಪ್ಪ. ನೀನೂ ಎತ್ತೀದಿ. ಬ್ಯಾಡ ಅಂದವರು ಒಬ್ಬರೂ ಇರಲಿಲ್ಲ. ನಾ ಒಬ್ಬ ಏನ್ ಮಾಡ್ಲಿ?" ಹುಸೇನಬಿಗೆ ನಾನು ಕೊಟ್ಟಿದ್ದ ಉತ್ತರವೇ ತಿರುಗಿ ನನಗೆ ಬಂದಿತ್ತು. ಮನೆಗೆ ಬಂದೆ.

ಆದರೂ ಹಚ್ಚಿದೆ. ಎಲ್ಲಿಂದಲೋ ಕಳ್ಳಿ ತುಂಡು ತಂದು ನೆಟ್ಟೆ, ಕಾರೆ ಬೀಜ ಊರಿದೆ. ಮೊದಲ ವರ್ಷ ಮಷೀನು ಎಲ್ಲವನ್ನೂ ಮಗುಚಿ ಹಾಕಿತು. ಎರಡನೇ ವರ್ಷ ಮಷೀನಿನ ಮುಂದೆ ಮಲಗಿದೆ. ಓಡಿಸುವವನು ಇಳಿದು ಬಂದು ನೋಡಿ, ಹುಚ್ಚನ ಸಹವಾಸ ಬೇಡವೆಂದು ಎರಡು ಮಾರು ಜಾಗ ಬಿಟ್ಟು ತಿರುಗಿಸಿಕೊಂಡು ಹೋದ. ಪಂಚನ ಸ್ಥಾನ ಹೋಯಿತು, ಬೇಲಿಗೆ ಗುಡ್ಡಪ್ಪನ ಹುಚ್ಚು ಎಂಬ ಹೆಸರು ಉಳಿಯಿತು. ನಾಲ್ಕನೇ ಮಳೆಗೆ ಬೇಲಿ ಎದೆಯೆತ್ತರ ಬಂತು, ಬುಡದಲ್ಲಿ ಹುಲ್ಲೂ ಬಂತು. ದಿನವೂ ಬೆಳಿಗ್ಗೆ ಅದರ ಬುಡದಲ್ಲಿ ಕೂತು ಬಾಯಿಗೆ ಕೈ ಹಿಡಿದು ಕೂಗುತ್ತಿದ್ದೆ. ಎಲ್ಲಾದರೂ, ಯಾವ ಊರಿನ ಯಾವ ಮೂಲೆಯಲ್ಲಾದರೂ ಒಂದು ಗೌಜಲು ಉಳಿದಿದ್ದರೆ ಕೇಳಿಸಿಕೊಂಡು ಬಂದೀತು. ನಾಲ್ಕು ವರ್ಷ ಕೂಗಿದೆ. ಬಂದು ಮನೆಯಲ್ಲಿ ಅವಳ ಹೆರಳು ಬಿಚ್ಚಿ, ಬಾಚಿ, ಅವಳು ಹಾಕಿಕೊಂಡ ಹಾಗೇ ಬಿಗಿಯಾಗಿ ಹಾಕುತ್ತಿದ್ದೆ. ಬಿಳಿ ಕೂದಲು ಬಂದಿದ್ದವು. ಎದ್ದ ಮೇಲೆ ನೋಡಿ ಗಾಬರಿಯಾದಾಳು ಎಂದು ಯೋಚಿಸುತ್ತಿದ್ದೆ.

ಈ ವರ್ಷ ಎಳ್ಳಮಾಸೆ ಕಳೆದ ಮೇಲೆ ಒಂದು ಬೆಳಿಗ್ಗೆ, ನಾನು ಇನ್ನೂ ಹೊಲದ ದಾರಿಯಲ್ಲಿದ್ದೆ, ಬೇಲಿಯ ಕಡೆಯಿಂದ "ಕತೀತರ, ಕತೀತರ" ಎಂದು ಕೇಳಿತು. ನಾನು ಕೂಗಿರಲಿಲ್ಲ. ನನ್ನ ಬಾಯಿ ಮುಚ್ಚಿಯೇ ಇತ್ತು. ಮತ್ತೆ ಕೇಳಿತು. ಚಪ್ಪಲಿ ಅಲ್ಲೇ ಬಿಟ್ಟು ಮನೆಗೆ ಓಡಿದೆ. ಬಾಗಿಲು ತಳ್ಳಿ, "ಫಕೀರೀ!" ಎಂದೆ. ಮನೆಯೊಳಗೂ ಕೂಗು ಸ್ಪಷ್ಟವಾಗಿ ಕೇಳುತ್ತಿತ್ತು. ಅವಳ ರೆಪ್ಪೆ ಅದುರಲಿಲ್ಲ. ದೂರವಾಯಿತೇನೋ ಎಂದು ಕಿಟಕಿ ತೆರೆದೆ. ಅವಳನ್ನು ಎತ್ತಿಕೊಂಡು ಹಿತ್ತಿಲಿಗೆ ತಂದು ತೊಡೆಯ ಮೇಲೆ ಮಲಗಿಸಿಕೊಂಡೆ. ಕೂಗು ಬರುತ್ತಲೇ ಇತ್ತು. ಅವಳು ಮಲಗಿಯೇ ಇದ್ದಳು.

ಅವಳನ್ನು ಒಳಗೆ ಮಲಗಿಸಿ ಬೇಲಿಗೆ ಹೋದೆ. ಮೇಲೆ ಹಾದುಹೋದ ಕರೆಂಟಿನ ತಂತಿಯಲ್ಲಿ ಒಂದು ಗೊರವಂಕ ಕೂತಿತ್ತು. ನನ್ನನ್ನು ನೋಡಿ ಕತ್ತು ಉಬ್ಬಿಸಿ ಕೂಗಿತು: "ಕತೀ—" ನಡುವೆ ನನ್ನ ಹಲ್ಲಿನ ಸಂದಿನ ಗಾಳಿಯೇ ಸುಯ್ಯೆಂದಿತು, "—ತರ." ನಾಲ್ಕು ವರ್ಷ ನಾನು ಕಲಿಸಿದ ಪಾಠ. ಇಡೀ ಹೊಲದಲ್ಲಿ ಅದನ್ನು ಕೇಳಿಸಿಕೊಂಡದ್ದು ಒಂದು ಗೊರವಂಕ. ಕಲ್ಲು ಎತ್ತಿಕೊಂಡೆ, ಹೊಡೆಯಲು ಮನಸ್ಸು ಬರಲಿಲ್ಲ.

ಮರುವಾರ ಪರಸ್ಥಳದಿಂದ ಹಕ್ಕಿ ಎಣಿಸುವ ಹುಡುಗನೊಬ್ಬ ಕೊರಳಿಗೆ ದುರ್ಬೀನು ಹಾಕಿಕೊಂಡು ಬಂದ. ಹಾಲೇಶಪ್ಪನೇ ಮುಂದೆ ನಿಂತು ನನ್ನ ಬೇಲಿಯ ಹತ್ತಿರ ಕರೆತಂದ. ಆ ಕಡೆ ಕೂಗು ಕೇಳಿತು. "ಗೌಜಲು!" ಎಂದು ಹುಡುಗ ಸಂತೋಷದಿಂದ ಪುಸ್ತಕ ತೆಗೆದ.

"ಗೌಜಲಲ್ರೀ ಸರ್ರ, ಅದು ಗೊರವಂಕ. ನನ್ನ ಬಾಯಿಂದ ಕಲ್ತೈತಿ. ಹಲ್ಲಿನ ಗಾಳಿ ಕೇಳಸವಲ್ದೇನ್ರೀ?" ಎಂದು ನಾನು ಬಾಯಿ ಅಗಲಿಸಿ ತೋರಿಸಿದೆ.

ಹುಡುಗ ನನ್ನ ಬಾಯಿ ನೋಡಿದ, ಹಾಲೇಶಪ್ಪನ ಮುಖ ನೋಡಿದ. ಹಾಲೇಶಪ್ಪ ತಲೆಯ ಪಕ್ಕ ಬೆರಳು ತಿರುಗಿಸಿದ. ಹುಡುಗ ಮರ್ಯಾದೆಯಿಂದ ನನಗೆ ಕೈ ಮುಗಿದು ಪುಸ್ತಕದಲ್ಲಿ ಗೌಜಲು ಎಂದೇ ಬರೆದುಕೊಂಡ.

"ನೋಡಪಾ ಗುಡ್ಡಪ್ಪ, ಹಕ್ಕಿ ತಿರುಗಿ ಬಂದಾವು. ಸುಮ್ನ ನಮ್ಮನ್ನ ಬೈಕೊಂಡು ಅಡ್ಡಾಡ್ತಿದ್ದಿ," ಎಂದ ಹಾಲೇಶಪ್ಪ.

"ಹಂಗಾರ ಆಕಿ ಯಾಕ ಎದ್ದಿಲ್ಲ, ಹಾಲೇಶಣ್ಣಾ?"

ಅವನು ತಡವರಿಸಲೂ ಇಲ್ಲ. "ಮಲಗಿ ಮಲಗಿ ರೂಢಿ ಆಗೇತಿ ಆಕಿಗೆ. ಅದಕ್ಕ ಹಕ್ಕಿ ಏನ್ ಮಾಡತೈತಿ?"

ಈಗ ಊರಲ್ಲೆಲ್ಲ ಅದೇ ಮಾತು. ಹಕ್ಕಿ ಬಂದಿವೆ, ಬರವಣಿಗೆಯಲ್ಲಿದೆ, ಫಕೀರವ್ವನಿಗೇ ಏಳಲು ಮನಸ್ಸಿಲ್ಲ. ಮಕ್ತುಮಸಾಬನೂ ಮೈಗಳ್ಳನಂತೆ. ಹುಸೇನಬಿ ಇದ್ದಿದ್ದರೆ ತಕ್ಕ ಉತ್ತರ ಕೊಡುತ್ತಿದ್ದಳು, ಆದರೆ ಅವಳೂ ಹೋದ ಬೇಸಿಗೆಯಿಂದ ಗಂಡನ ಪಕ್ಕದಲ್ಲೇ ಮಲಗಿದ್ದಾಳೆ. ಇಬ್ಬರಿಗೂ ನಾನೇ ಗಂಜಿ ಹಾಕಿ ಬರುತ್ತೇನೆ.

ಬೆಳಿಗ್ಗೆ ನಾನು ಈಗ ಕೂಗುವುದಿಲ್ಲ. ನನ್ನ ಕೂಗಿಗೆ ತಂತಿಯ ಮೇಲಿನದು ಉತ್ತರ ಕೊಡುತ್ತದೆ, ಅದನ್ನು ಕೇಳಲಾಗುವುದಿಲ್ಲ. ಬೇಲಿಗೆ ನೀರು ಹಾಕುತ್ತೇನೆ, ಬಂದು ಹೆರಳು ಹಾಕುತ್ತೇನೆ. ಸಂಜೆ ಅವಳ ಪಕ್ಕ ಚಾಪೆ ಹಾಸಿಕೊಂಡು, ನಾಳೆ ನಾನೂ ಏಳದಿರುವ ಹಾಗಾಗಲಿ ಎಂದು ಬೇಡಿಕೊಂಡು ಕಣ್ಣು ಮುಚ್ಚುತ್ತೇನೆ. ಬೆಳಕು ಮೂಡುವಾಗ ಮಾಡಿನ ಮೇಲೆ ಕಾಗೆ ಕೂಗುತ್ತದೆ, ಒಂದಲ್ಲ, ನೂರು. ಏಳುತ್ತೇನೆ.